ಹಳೆಯ ಆಟಗಳಿಗೆ ಹೊಸ ಅಂಗಡಿಗಳು

ದೀಪಾವಳಿಯ ರಜೆಗೆಂದು ಬೆಂಗಳೂರಿನಿಂದ ಬಂದಿಳಿದ ನನ್ನ ಸೋದರಳಿಯನು ಕೈಚೀಲದ ಜೊತೆಗೆ ಒಂದು ತಗಡಿನ ಬಿಸ್ಕೀಟು ಡಬ್ಬಿಯನ್ನೂ ತಂದಿದ್ದನು. ಊರಿಗೆ ಬರುವ ಹುಡುಗರು ಖಾಲಿ ಡಬ್ಬಿ ತಂದು, ಹೋಗುವಾಗ ಅದರ ತುಂಬ ಶೇಂಗಾ ಹೋಳಿಗೆಯನ್ನೋ ಅಮೀನಗಡದ ಕರದಂಟನ್ನೋ ತುಂಬಿಸಿಕೊಂಡು ಹೋಗುವುದು ನಮ್ಮಲ್ಲಿ ವಾಡಿಕೆ. ಈ ಡಬ್ಬಿಯಾದರೋ ಬರುವಾಗಲೇ ತುಂಬಿತ್ತು. ಮುಚ್ಚಳ ತೆಗೆದು ನೋಡಿದರೆ ಒಳಗೆ ಹದಿನಾಲ್ಕು ಸಿ.ಡಿ.ಗಳು. ಒಂದೊಂದರ ಮೇಲೂ ನೀಲಿ ಮಸಿಯ ಓರೆಯಕ್ಷರಗಳಲ್ಲಿ ಆಟದ ಹೆಸರು. ಆ ಅಕ್ಷರಗಳ ಗುರುತು ನನಗೆ ಹತ್ತದೆ ಇರಲಿಲ್ಲ. ನಮ್ಮ ಭಾವ ತೀರಿಕೊಂಡು ಈಗ ಎರಡು ವರ್ಷ.

“ಮಾಮಾ, ಅಪ್ಪಾ ಆಡ್ತಿದ್ದ ಆಟ ನಾನೂ ಒಮ್ಮೆ ಆಡಬೇಕು ಅನಸ್ತದ. ಇವನ್ನ ಹ್ಯಾಂಗರೆ ಮಾಡಿ ನಡಸೂಣು” ಎಂದನು ಹುಡುಗ.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. “ಅವರಿಗಿತ್ತು ಆ ಹುಚ್ಚು, ಈಗ ನಿಮಗಿಬ್ಬರಿಗೂ ಹತ್ತೇದ ನೋಡು” ಎಂದು ಒಳಗೆ ಹೋದಳು. ಆದರೆ ಡಬ್ಬಿಯನ್ನು ಇಷ್ಟು ದಿನ ಅಟ್ಟದ ಮೇಲೆ ಜೋಪಾನ ಮಾಡಿದವಳು ಅವಳೇ ಎಂಬುದು ನನಗೆ ತಿಳಿದಿತ್ತು.

ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಮನೆಗೆ ಬೇಕಾಗುವ ವಸ್ತುಗಳ ಕ್ರಯ-ವಿಕ್ರಯದ ವಿಚಾರ ಬರೆಯುವವನು. ಕುಕ್ಕರು, ಮಿಕ್ಸರು, ಹೊಲಿಗೆಯಂತ್ರಗಳ ನಡುವೆ ಕಂಪ್ಯೂಟರ್ ಆಟವನ್ನು ತಂದು ಕೂಡಿಸಿದರೆ ಕೆಲವು ಹಿರಿಯ ವಾಚಕರು ಹುಬ್ಬು ಗಂಟಿಕ್ಕಬಹುದು. ಅವರಲ್ಲಿ ನನ್ನ ಅರಿಕೆ ಇಷ್ಟೇ: ಹಣ ಕೊಟ್ಟು ಕೊಂಡ ವಸ್ತು ನಮ್ಮದೇ ಹೌದೋ ಅಲ್ಲವೋ ಎಂಬ ಪ್ರಶ್ನೆ ಈ ವ್ಯಾಪಾರದಲ್ಲಿ ಎದ್ದಿರುವಷ್ಟು ತೀಕ್ಷ್ಣವಾಗಿ ಬೇರೆ ಯಾವ ವ್ಯಾಪಾರದಲ್ಲಿಯೂ ಎದ್ದಿರುವುದನ್ನು ನಾನು ಕಾಣೆ. ಇಂದು ಆಟಕ್ಕೆ ಬಂದದ್ದು ನಾಳೆ ಪುಸ್ತಕಕ್ಕೂ ಹಾಡಿಗೂ ಸಿನಿಮಾಕ್ಕೂ ಬರುತ್ತದೆ, ಬಂದೂ ಇದೆ.

ಭಾವನಿಗೆ ಈ ಹುಚ್ಚು ಹತ್ತಿದ್ದು ತೊಂಬತ್ತರ ದಶಕದ ಮಧ್ಯದಲ್ಲಿ, ಹಳೆಯ ಬಾಗಲಕೋಟೆಯ ಕಿಲ್ಲೆಯ ಭಾಗದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ. ಎರಡು ಕೋಣೆ, ನಾಲ್ಕು ಯಂತ್ರ. ದೇವರ ಮನೆಗೆ ಹೋಗುವವರಂತೆ ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಕಾಲಿಡಬೇಕು. ಸಾಯಂಕಾಲ ಪಾಠ ಮುಗಿದ ಮೇಲೆ ಅಲ್ಲಿ ಕಲಿಸುತ್ತಿದ್ದ ಭಾವ ನನ್ನನ್ನೂ ಕೂಡಿಸಿಕೊಂಡು ‘ಪ್ರಿನ್ಸ್ ಆಫ್ ಪರ್ಷಿಯಾ’ ತೆರೆಯುತ್ತಿದ್ದರು. ಬಿಳಿಯ ಉಡುಪಿನ ತರುಣನೊಬ್ಬನು ನೆಲಮಾಳಿಗೆಗಳನ್ನು ದಾಟಿ, ಕತ್ತರಿಯಂತೆ ಕಚ್ಚುವ ಬಾಗಿಲುಗಳನ್ನು ತಪ್ಪಿಸಿಕೊಂಡು, ಅರವತ್ತು ನಿಮಿಷಗಳೊಳಗಾಗಿ ರಾಜಕುಮಾರಿಯನ್ನು ಬಿಡಿಸಬೇಕು. ಆ ಅರವತ್ತು ನಿಮಿಷ ನಮಗೆ ಒಮ್ಮೆಯೂ ಸಾಲಲಿಲ್ಲ. ವಿದ್ಯುತ್ತು ಅದಕ್ಕೆ ಮೊದಲೇ ಹೋಗುತ್ತಿತ್ತು.

ಆ ಕ್ಲಾಸು ಈಗಿಲ್ಲ. ಕ್ಲಾಸಿದ್ದ ಓಣಿಯೂ ಇಲ್ಲ. ಆಲಮಟ್ಟಿಯ ಅಣೆಕಟ್ಟಿನಲ್ಲಿ ನೀರು ನಿಲ್ಲತೊಡಗಿ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಮೇಲೇರಿದಂತೆ, ಊರಿನ ತಗ್ಗಿನ ಓಣಿಗಳು ಒಂದೊಂದಾಗಿ ಬರಿದಾದುವು. ಜನ ಮನೆಯ ತೊಲೆ, ಬಾಗಿಲು, ಕಿಟಕಿಗಳನ್ನು ಬಿಚ್ಚಿ ಗಾಡಿಯ ಮೇಲೆ ಹೇರಿಕೊಂಡು ನವನಗರಕ್ಕೆ ಬಂದರು. ನಾವೂ ಹಾಗೆಯೇ ಬಂದವರು. ಓಣಿಗೆ ಹೆಸರಿದ್ದವರು ಸೆಕ್ಟರಿನ ನಂಬರಿನಲ್ಲಿ ವಾಸಿಸತೊಡಗಿದೆವು. ಇದನ್ನೇಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಮೊದಲು ಸಿ.ಡಿ.ಗಳ ವಿಚಾರ. ಈಗಿನ ಲ್ಯಾಪ್‌ಟಾಪುಗಳಿಗೆ ಸಿ.ಡಿ. ಹಾಕುವ ಬಾಯಿಯೇ ಇರುವುದಿಲ್ಲ. ಹೊರಗಿನಿಂದ ಜೋಡಿಸುವ ಒಂದು ಡ್ರೈವನ್ನು ಪರಿಚಯದವರ ಅಂಗಡಿಯಿಂದ ಎರವಲು ತಂದೆ. ಹದಿನಾಲ್ಕರಲ್ಲಿ ಐದು ಸಿ.ಡಿ.ಗಳು ಬೂಷ್ಟು ಹಿಡಿದು ಓದಲಾರದೆ ಹೋದುವು. ಉಳಿದವುಗಳಲ್ಲಿ ಬಹುಪಾಲು, ಸತ್ಯವನ್ನೇ ಹೇಳಬೇಕೆಂದರೆ, ಬೆಂಗಳೂರಿನ ಕಾಲುದಾರಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಮಾರುತ್ತಿದ್ದ ಕಳ್ಳನಕಲುಗಳು. ಆ ಕಾಲದಲ್ಲಿ ಅಸಲಿಯನ್ನು ಕೊಂಡವರು ಎಷ್ಟು ಮಂದಿ? ಆದರೆ ಎರಡು ಮಾತ್ರ ಅಸಲಿಯಾಗಿದ್ದುವು. ಮೊದಲ ಸಂಬಳಗಳಲ್ಲಿ ಉಳಿಸಿ ಕೊಂಡದ್ದೆಂದು ಭಾವ ಹೆಮ್ಮೆಯಿಂದ ಹೇಳುತ್ತಿದ್ದುದು ನೆನಪಿದೆ. ಒಂದು 1998ರ ‘ಕಮಾಂಡೋಸ್’. ಇನ್ನೊಂದು 1999ರ ‘ಏಜ್ ಆಫ್ ಎಂಪೈರ್ಸ್’ ಎರಡನೆಯ ಭಾಗ.

ವಿಚಿತ್ರವೆಂದರೆ ಇಂತಹ ಕಾಲದ ಆಟಗಳಲ್ಲಿ ಕೆಲವೊಮ್ಮೆ ಕಳ್ಳಮಾಲು ನಡೆದೀತು, ಅಸಲಿಯೇ ನಡೆಯಲಿಕ್ಕಿಲ್ಲ. ಕಾರಣವನ್ನು ಹೇಳುತ್ತೇನೆ. ನಕಲು ಮಾಡುವವರನ್ನು ತಡೆಯಲು ಆಗಿನ ಎಷ್ಟೋ ಕಂಪನಿಗಳು ಸಿ.ಡಿ.ಯೊಳಗೆ ‘ಸೇಫ್‌ಡಿಸ್ಕ್’ ಮುಂತಾದ ಬೀಗಗಳನ್ನು ಹಾಕುತ್ತಿದ್ದುವು. ಆ ಬೀಗವನ್ನು ತೆರೆಯುವ ತಂತ್ರ ವಿಂಡೋಸಿನ ಒಡಲಲ್ಲಿತ್ತು. ಅದರಿಂದ ಕಂಪ್ಯೂಟರಿನ ಭದ್ರತೆಗೆ ಅಪಾಯವೆಂದು 2015ರಲ್ಲಿ ಬಂದ ವಿಂಡೋಸ್ 10 ಅದನ್ನು ಕಿತ್ತುಹಾಕಿತು. ಕಳ್ಳನಕಲು ಮಾಡಿದವನು ಬೀಗವನ್ನು ಮೊದಲೇ ಮುರಿದಿದ್ದನಾದ್ದರಿಂದ ಅವನ ಗಿರಾಕಿಗೆ ತೊಂದರೆಯಿಲ್ಲ. ಹಣ ತೆತ್ತು ಕೊಂಡ ಪ್ರಾಮಾಣಿಕನು ಮಾತ್ರ ಬಾಗಿಲ ಹೊರಗೆ! ಇದಲ್ಲದೆ ಆ ಕಾಲದ ಹಲವು ಆಟಗಳನ್ನು ಕಂಪ್ಯೂಟರಿಗೆ ಇಳಿಸುವ ಕಾರ್ಯಕ್ರಮವೇ 16 ಬಿಟ್ಟಿನದು. ಇಂದಿನ 64 ಬಿಟ್ಟಿನ ವಿಂಡೋಸಿಗೆ ಆ ಭಾಷೆ ತಿಳಿಯದು. ಎರಡು ದಿನ ಒದ್ದಾಡಿ, ಹೊಸದಾಗಿ ಕೊಳ್ಳುವುದೇ ಮೇಲೆಂದು ನಾವು ಅಂತರಜಾಲದ ಅಂಗಡಿಗಳ ಕದ ತಟ್ಟಿದೆವು.

ದೊಡ್ಡ ಅಂಗಡಿಯೆಂದರೆ ‘ಸ್ಟೀಮ್’. ಅಮೆರಿಕೆಯ ವಾಲ್ವ್ ಎಂಬ ಕಂಪನಿಯು 2003ರಲ್ಲಿ ಇದನ್ನು ತೆರೆಯಿತು. ಇಲ್ಲಿ ಬೆಲೆಗಳು ರೂಪಾಯಿಯಲ್ಲಿಯೇ ಇರುತ್ತವೆ. 2015ರಿಂದ ಈ ಅನುಕೂಲವಿದೆ. ಮಾಲಿನ ವೈವಿಧ್ಯಕ್ಕೆ ಮಿತಿಯೇ ಇಲ್ಲ. ಬೇಸಿಗೆಯಲ್ಲೊಮ್ಮೆ ಚಳಿಗಾಲದಲ್ಲೊಮ್ಮೆ ದೊಡ್ಡ ರಿಯಾಯತಿ ನಡೆಯುತ್ತದೆ. ಬನಶಂಕರಿಯ ಜಾತ್ರೆಗೆ ಕಾಯ್ದು ಪಾತ್ರೆ-ಪಗಡ ಕೊಳ್ಳುವ ನಮ್ಮ ಗೃಹಿಣಿಯರಿಗೆ ಇದರ ಮರ್ಮವನ್ನು ಹೇಳಿಕೊಡಬೇಕಾಗಿಲ್ಲ. ಹಳೆಯ ಆಟಗಳು ಆಗ ಮುಕ್ಕಾಲು ಬೆಲೆ ಇಳಿದು ಸಿಗುವುದೂ ಉಂಟು. ಮನಸ್ಸಿಗೆ ಬಾರದಿದ್ದರೆ ಕೊಂಡ 14 ದಿನಗಳೊಳಗೆ, ಆಡಿದ ಅವಧಿ 2 ಗಂಟೆಗೆ ಮೀರದಿದ್ದರೆ, ಹಣ ಹಿಂದಕ್ಕೆ ಬರುತ್ತದೆ.

ಏಜ್ ಆಫ್ ಎಂಪೈರ್ಸ್ ನಮಗೆ ಅಲ್ಲಿ ದೊರೆಯಿತು. ಹಳೆಯ ಸಿ.ಡಿ.ಯ ರೂಪದಲ್ಲಲ್ಲ, 2019ರಲ್ಲಿ ಚಿತ್ರ-ಧ್ವನಿಗಳನ್ನೆಲ್ಲ ಹೊಸದಾಗಿ ತಿದ್ದಿದ ಆವೃತ್ತಿ. ಇಲ್ಲೊಂದು ಸ್ವಾರಸ್ಯ: 2013ರಲ್ಲಿ ಈ ಆಟಕ್ಕೆ ಸೇರಿಸಿದ ಭಾರತೀಯರ ಪಕ್ಷಕ್ಕೆ ಅದ್ಭುತ ಕಟ್ಟಡವೆಂದು ಕೊಟ್ಟದ್ದು ನಮ್ಮ ವಿಜಯಪುರದ ಗೋಲಗುಮ್ಮಟವನ್ನು. 1997ರಲ್ಲಿ ಜಿಲ್ಲೆ ಬೇರೆಯಾಗುವವರೆಗೂ ನಾವು ವಿಜಾಪುರದವರೇ ಆಗಿದ್ದೆವಲ್ಲವೆ! ಹುಡುಗನಿಗೆ ಇದನ್ನು ಹೇಳಿದಾಗ ಅವನು ಉಬ್ಬಿಹೋದನು. ಬಾದಾಮಿಯ ಮೇಣಬಸದಿಯನ್ನೋ ಪಟ್ಟದಕಲ್ಲನ್ನೋ ಯಾರೂ ನೆನೆಯಲಿಲ್ಲವೆಂದು ನಾನು ಗೊಣಗಿದ್ದು ಬೇರೆ.

ಆದರೆ ಸ್ಟೀಮಿನ ರೀತಿ ಒಂದು ಬಗೆಯದು. ಆಟವು ಆ ಅಂಗಡಿಯ ಕಾರ್ಯಕ್ರಮದ ಮೂಲಕವೇ ಇಳಿಯಬೇಕು, ಬಹುಮಟ್ಟಿಗೆ ಅದರ ಮೂಲಕವೇ ತೆರೆಯಬೇಕು. ಜಾಲಸಂಪರ್ಕವಿಲ್ಲದಾಗ ಆಡುವ ಏರ್ಪಾಡು ಇದೆ, ಇಲ್ಲವೆನ್ನಲಾರೆ. ಆದರೂ ಅಂಗಡಿಕಾರನು ನಿಮ್ಮ ಮನೆಯೊಳಗೆ ಒಂದು ಕುರ್ಚಿ ಹಾಕಿಕೊಂಡು ಕೂತೇ ಇರುತ್ತಾನೆ. ಅವನಿಗೆ ಆ ಮನೆ ಒಗ್ಗದೆ ಹೋದರೆ? 2024ರ ಜನವರಿ 1ರಿಂದ ವಿಂಡೋಸ್ 7, 8ರ ಯಂತ್ರಗಳಿಗೆ ಸ್ಟೀಮ್ ತನ್ನ ಬೆಂಬಲವನ್ನು ನಿಲ್ಲಿಸಿತು. ಹಳೆಯ ಆಟಕ್ಕೆ ಹಳೆಯ ಯಂತ್ರವೇ ಸರಿಜೋಡಿಯೆಂದು ಅಟ್ಟದಿಂದ ಇಳಿಸುವವರು ಈ ಮಾತನ್ನು ನೆನಪಿನಲ್ಲಿಡಬೇಕು. ಆಟಕ್ಕೆ ಆ ಯಂತ್ರ ಸಾಕು, ಅಂಗಡಿಗೆ ಸಾಲದು.

ಎರಡನೆಯದು ಪೋಲೆಂಡ್ ದೇಶದ ‘ಜಿ.ಓ.ಜಿ.’. ಗುಡ್ ಓಲ್ಡ್ ಗೇಮ್ಸ್, ಎಂದರೆ ಒಳ್ಳೆಯ ಹಳೆಯ ಆಟಗಳು, ಎಂಬುದು ಅದರ ಮೂಲ ಹೆಸರು. ಇದರ ಹಿನ್ನೆಲೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ವಾಚಕರ ಅಪ್ಪಣೆ ಬೇಡುತ್ತೇನೆ. ಏಕೆಂದರೆ ಅದು ನಮ್ಮದೇ ಕಥೆಯಂತಿದೆ. ಕಮ್ಯುನಿಸ್ಟ್ ಆಡಳಿತ ಕೊನೆಗೊಂಡ ಕಾಲದ ಪೋಲೆಂಡಿನಲ್ಲಿ ಅಸಲಿ ಆಟ ಎಂಬ ಮಾತಿಗೇ ಅರ್ಥವಿರಲಿಲ್ಲ. ವಾರ್ಸಾದ ಸಂತೆಯಲ್ಲಿ ಎಲ್ಲವೂ ಕಳ್ಳನಕಲು. ಅಲ್ಲಿ ಮಾರ್ಚಿನ್ ಇವಿನ್ಸ್ಕಿ, ಮಿಹಾವ್ ಕಿಚಿನ್ಸ್ಕಿ ಎಂಬ ಇಬ್ಬರು ಸ್ನೇಹಿತರು 1994ರಲ್ಲಿ ‘ಸಿ.ಡಿ. ಪ್ರೊಜೆಕ್ಟ್’ ಎಂಬ ಕಂಪನಿ ಕಟ್ಟಿ ಸಿ.ಡಿ. ಆಟಗಳನ್ನು ತರಿಸಿ ಮಾರತೊಡಗಿದರು. ಕಳ್ಳನ ಬೆಲೆಗೆ ಮಾರಿ ಕಳ್ಳನನ್ನು ಸೋಲಿಸಲಾಗದೆಂದು ಅವರಿಗೆ ಬೇಗನೆ ಹೊಳೆಯಿತು. 1999ರಲ್ಲಿ ‘ಬಾಲ್ಡರ್ಸ್ ಗೇಟ್’ ಎಂಬ ಆಟವನ್ನು ಪೂರ್ತಿಯಾಗಿ ಪೋಲಿಷ್ ಭಾಷೆಗೆ ತಿರುಗಿಸಿ, ದೊಡ್ಡ ನಟರಿಂದ ಮಾತಾಡಿಸಿ, ಪೆಟ್ಟಿಗೆಯಲ್ಲಿ ನಕ್ಷೆ ಮೊದಲಾದವನ್ನು ಇಟ್ಟು ಮಾರಿದರು. ಕಳ್ಳನು ಕೊಡಲಾರದ್ದನ್ನು ಕೊಟ್ಟರು, ಗಿರಾಕಿಗಳು ಬಂದರು. ಅದೇ ಕಂಪನಿ 2008ರಲ್ಲಿ ತೆರೆದ ಜಾಲದಂಗಡಿ ಈ ಜಿ.ಓ.ಜಿ. ಆರಂಭದಲ್ಲಿ ಅಲ್ಲಿ ಎರಡೇ ದರ: 5.99 ಡಾಲರು ಮತ್ತು 9.99 ಡಾಲರು.

ಈ ಅಂಗಡಿಯ ವಿಶೇಷವೆಂದರೆ ಮಾರುವ ಆಟಕ್ಕೆ ಬೀಗ ಹಾಕುವುದಿಲ್ಲ. ಹಣ ಕೊಟ್ಟ ಕೂಡಲೆ ಆಟವನ್ನು ಸ್ಥಾಪಿಸುವ ಕಡತವನ್ನೇ ಇಡಿಯಾಗಿ ಕೈಗೆ ಕೊಡುತ್ತಾರೆ. ಅದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ, ಸಿ.ಡಿ.ಯಲ್ಲಿ ಬರೆದಿಟ್ಟುಕೊಳ್ಳಿ; ನಾಳೆ ಜಾಲಸಂಪರ್ಕವಿಲ್ಲದಿದ್ದರೂ, ಅಂಗಡಿಯೇ ಇಲ್ಲದಿದ್ದರೂ ಅದು ತೆರೆಯುತ್ತದೆ. ಡಾಸ್ ಕಾಲದ ಆಟಗಳಿಗೆ ‘ಡಾಸ್‌ಬಾಕ್ಸ್’ ಎಂಬ ಹೊದಿಕೆಯನ್ನು ತಾವೇ ಹೊದಿಸಿ ಕೊಡುತ್ತಾರೆ. ಇಂದಿನ ಕಂಪ್ಯೂಟರು ತಾನು ಮೂವತ್ತು ವರ್ಷ ಹಿಂದಿನ ಕಂಪ್ಯೂಟರೆಂದು ನಟಿಸುವ ಉಪಾಯವದು. ನಟನೆ ಎಷ್ಟು ಸೊಗಸೆಂದರೆ ಮುದಿ ಆಟಕ್ಕೆ ತಾನು ಮೋಸಹೋದದ್ದೇ ಗೊತ್ತಾಗುವುದಿಲ್ಲ. ಮರಳಿಸುವ ಅವಧಿ 30 ದಿನ, ಆಡಿದ್ದರೂ ಅಡ್ಡಿಯಿಲ್ಲ.

ಕುಂದೇನೆಂದರೆ, ನಾವು ಕೊಂಡಾಗ ಬೆಲೆ ಡಾಲರಿನಲ್ಲಿಯೇ ಇತ್ತು. ನಮ್ಮ ರಿಸರ್ವ್ ಬ್ಯಾಂಕು 2020ರಲ್ಲಿ ಮಾಡಿದ ನಿಯಮದಂತೆ, ಹೊಸದಾಗಿ ಕೊಡುವ ಕಾರ್ಡುಗಳು ವಿದೇಶದ ವ್ಯವಹಾರಕ್ಕೆ ತಾವಾಗಿ ತೆರೆದಿರುವುದಿಲ್ಲ. ಬ್ಯಾಂಕಿನ ಆ್ಯಪಿನಲ್ಲಿ ಹೋಗಿ ನಾವೇ ಆ ಗುಂಡಿಯನ್ನು ತಿರುಗಿಸಬೇಕು. ಇದನ್ನು ತಿಳಿಯದೆ ನಾನು ಮೂರು ಸಲ ಪ್ರಯತ್ನಿಸಿ, ಅಂಗಡಿಯವರನ್ನು ಮನಸ್ಸಿನಲ್ಲಿಯೇ ಬೈದೆ. ಅವರದೇನೂ ತಪ್ಪಿರಲಿಲ್ಲ. ವಿದೇಶಿ ನಾಣ್ಯದ ಬಾಬತ್ತೆಂದು ಬ್ಯಾಂಕು ಹಿಡಿಯುವ ಸಣ್ಣ ದಸ್ತೂರಿಯೂ ಉಂಟು. ಕೊಂಡಾದ ಮೇಲೆ ಆ ಗುಂಡಿಯನ್ನು ಮತ್ತೆ ಮುಚ್ಚಿಡುವುದು ಒಳ್ಳೆಯದು. ಇನ್ನೊಂದು ಕುಂದು, ಎಲ್ಲ ಆಟಗಳೂ ಇಲ್ಲಿಲ್ಲ. ಏಜ್ ಆಫ್ ಎಂಪೈರ್ಸ್ ನಮಗಿಲ್ಲಿ ಸಿಗಲಿಲ್ಲ. ಬೀಗವಿಲ್ಲದೆ ಮಾಲು ಕೊಡಲು ಎಲ್ಲ ಕಂಪನಿಗಳಿಗೂ ಧೈರ್ಯ ಬಂದಿಲ್ಲ.

‘ಎಪಿಕ್’ ಎಂಬ ಮೂರನೆಯ ಅಂಗಡಿಯೊಂದಿದೆ. 2018ರ ಡಿಸೆಂಬರಿನಲ್ಲಿ ಆರಂಭವಾದದ್ದು. ವಾರಕ್ಕೊಂದು ಆಟವನ್ನಾದರೂ ಪುಕ್ಕಟೆ ಕೊಡುವುದು ಅದರ ಖ್ಯಾತಿ. ಹುಡುಗರಿಗೆ ಹಬ್ಬ. ಆದರೆ ನಮ್ಮ ಡಬ್ಬಿಯೊಳಗಿನ ವಯಸ್ಸಿನ ಆಟಗಳನ್ನು ಹುಡುಕಲು ಅದು ಸ್ಥಳವಲ್ಲ.

ಈಗ ಕೊಳ್ಳುವುದು ಎಂಬ ಮಾತಿನ ವಿಚಾರ. ಬಾಗಲಕೋಟೆಯ ಜನರಿಗೆ ಇದನ್ನು ತಿಳಿಸುವುದು ಬಲು ಸುಲಭ. ಊರು ಮುಳುಗಡೆಯಾದಾಗ ಮನೆಯಲ್ಲಿ ಯಾರು ಎಷ್ಟು ವರ್ಷದಿಂದ ಇದ್ದರೆಂಬುದನ್ನು ಯಾರೂ ಕೇಳಲಿಲ್ಲ. ಮನೆ ಯಾರ ಹೆಸರಿನಲ್ಲಿದೆಯೆಂದು ಕೇಳಿದರು. ಹಕ್ಕುಪತ್ರವಿದ್ದವನ ಮಾತು ಬೇರೆ, ಬಾಡಿಗೆಗಿದ್ದವನ ಮಾತು ಬೇರೆ. ಗೋಡೆಗೆ ಸುಣ್ಣ ಬಳಿದವನು, ಹಿತ್ತಲಿನಲ್ಲಿ ನುಗ್ಗೆ ನೆಟ್ಟವನು ಬಾಡಿಗೆಯವನೇ ಇರಬಹುದು. ಕಾಗದ ಅವನನ್ನು ಗುರುತಿಸುವುದಿಲ್ಲ. ಜಾಲದಂಗಡಿಗಳಲ್ಲಿ ‘ಕೊಳ್ಳಿ’ ಎಂಬ ಗುಂಡಿಯನ್ನು ಒತ್ತಿದಾಗ ನಮಗೆ ದೊರೆಯುವುದು ಹಕ್ಕುಪತ್ರವಲ್ಲ, ಪರವಾನಿಗೆ.

ಇದು ನನ್ನ ಕಲ್ಪನೆಯಲ್ಲ. ಅಮೆರಿಕೆಯ ಕ್ಯಾಲಿಫೋರ್ನಿಯ ರಾಜ್ಯವು 2024ರಲ್ಲಿ ಮಾಡಿ 2025ರ ಜನವರಿ 1ರಿಂದ ಜಾರಿಗೆ ತಂದ ಕಾನೂನಿನ ಪ್ರಕಾರ, ಬರಿಯ ಪರವಾನಿಗೆಯನ್ನು ಮಾರುವ ಅಂಗಡಿಯು ಆ ಸಂಗತಿಯನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂಬ ಪದವನ್ನು ಬಳಸುವಂತಿಲ್ಲ. 2024ರ ಅಕ್ಟೋಬರಿನಿಂದಲೇ ಸ್ಟೀಮ್ ಹಣ ಕೊಡುವ ಪುಟದಲ್ಲಿ ಅಂತಹ ಒಂದು ಸೂಚನೆಯನ್ನು ಹಾಕಿತು. ಶಾಶ್ವತವಾಗಿ ಇಳಿಸಿಟ್ಟುಕೊಳ್ಳಬಹುದಾದ, ಅಂಗಡಿಕಾರನು ಹಿಂದಕ್ಕೆ ಕಸಿದುಕೊಳ್ಳಲಾರದ ಸರಕಿಗೆ ಕಾನೂನು ವಿನಾಯಿತಿ ಕೊಟ್ಟಿದೆ. ಜಿ.ಓ.ಜಿ.ಯ ಕರಾರಿನಲ್ಲಿಯೂ ಇರುವ ಪದ ಪರವಾನಿಗೆಯೇ, ಅಪಾರ್ಥ ಬೇಡ. ಆದರೆ ಕಡತವು ನಮ್ಮ ಪೆಟ್ಟಿಗೆಯೊಳಗೆ ಬಂದು ಕೂತಮೇಲೆ ಕಸಿಯುವ ಕೈ ಅಲ್ಲಿಗೆ ಎಟುಕದು.

ಕಸಿಯುವುದೆಂದರೇನೆಂದು ಕೇಳುವವರಿಗೆ ಎರಡು ನಿದರ್ಶನ. ‘ದಿ ಕ್ರೂ’ ಎಂಬ ಕಾರೋಟದ ಆಟ 2014ರಲ್ಲಿ ಬಂದಿತು. ಅದನ್ನಾಡಲು ಯೂಬಿಸಾಫ್ಟ್ ಕಂಪನಿಯ ಸರ್ವರಿನ ಸಂಪರ್ಕ ಅಗತ್ಯವಾಗಿತ್ತು. 2024ರ ಮಾರ್ಚ್ 31ರಂದು ಸರ್ವರು ನಿಂತಿತು. ಕೊಂಡವರ ಕೈಯಲ್ಲಿ ಉಳಿದದ್ದು ಶೂನ್ಯ. ಅದೇ ವರ್ಷ ಡಿಸೆಂಬರಿನಲ್ಲಿ ‘ವಾರ್‌ಕ್ರಾಫ್ಟ್’ ಎಂಬ ಹಳೆಯ ಆಟದ ಮೊದಲೆರಡು ಭಾಗಗಳನ್ನು ಅದರ ಒಡೆಯರಾದ ಬ್ಲಿಜರ್ಡ್ ಕಂಪನಿಯವರು ಜಿ.ಓ.ಜಿ.ಯ ಕಪಾಟಿನಿಂದ ತೆಗೆಸಿದರು. ಹೊಸಬರು ಅಲ್ಲಿ ಅದನ್ನು ಕೊಳ್ಳುವಂತಿಲ್ಲ. ಆದರೆ ಮೊದಲೇ ಕೊಂಡವರ ಆಟ ಅವರಲ್ಲಿಯೇ ಉಳಿಯಿತು. ಮುಂದಿನ ವಿಂಡೋಸುಗಳಿಗೆ ಹೊಂದುವಂತೆ ಅದನ್ನು ತಿದ್ದಿಕೊಡುವೆವೆಂದು ಕೂಡ ಅಂಗಡಿಯವರು ಮಾತು ಕೊಟ್ಟರು. ಒಂದೇ ವರ್ಷದ ಈ ಎರಡು ಸಂಗತಿಗಳನ್ನು ಮಗ್ಗುಲಲ್ಲಿಟ್ಟು ನೋಡಿದರೆ ನನ್ನ ಒಲವು ಯಾವ ಕಡೆಗೆಂದು ಹೇಳಬೇಕಾಗಿಲ್ಲ. ಎರಡೂ ಅಂಗಡಿಯಲ್ಲಿ ಸಿಗುವ ಆಟವಾದರೆ, ನಾಲ್ಕು ಕಾಸು ಹೆಚ್ಚಾದರೂ, ಬೀಗವಿಲ್ಲದ ಕಡೆಯೇ ಕೊಳ್ಳಬೇಕೆಂಬುದು ನನ್ನ ಮತ.

ಅಗ್ಗದ ಅಂಗಡಿಗಳ ಒಂದು ಕೇರಿಯೂ ಜಾಲದಲ್ಲಿದೆ. ಅಲ್ಲಿ ಆಟವನ್ನಲ್ಲ, ಆಟದ ಗುಪ್ತಸಂಖ್ಯೆಯನ್ನು ಮಾರುತ್ತಾರೆ. ನಮ್ಮ ಹುಡುಗನು ಹೋದ ವರ್ಷ ಅಂತಹ ಒಂದು ಕಡೆ ಕಾಲು ಬೆಲೆಗೆ ಸಂಖ್ಯೆಯೊಂದನ್ನು ಕೊಂಡಿದ್ದನು. ಮೂರು ವಾರ ಆಡಿದನು. ನಾಲ್ಕನೆಯ ವಾರ ಆಟವು ಅವನ ಖಾತೆಯಿಂದ ಮಾಯ. ಯಾರದೋ ಕದ್ದ ಕಾರ್ಡಿನಿಂದ ಖರೀದಿಯಾದ ಸಂಖ್ಯೆಯಂತೆ ಅದು. ದೂರಿಗೆ ಉತ್ತರವಿಲ್ಲ. ಅಕ್ಕ ಇದನ್ನು ಕೇಳಿ, “ಮುಟ್ಟಿ ನೋಡಲಾರದ್ದನ್ನ ಯಾಕ ತಗೋತೀರೋ?” ಎಂದಳು. ಅವಳ ಮಾತಿನಲ್ಲಿ ಹುರುಳಿದೆ. ಇಳಕಲ್ಲ ಸೀರೆಯೆಂದು ಏನನ್ನಾದರೂ ಮುಂದಿಟ್ಟರೆ ಅವಳು ಸೆರಗು ಮತ್ತು ಒಡಲು ಕೂಡುವ ಜಾಗವನ್ನು ಬೆರಳಿನಿಂದ ಸವರಿ, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿದೆಯೋ ಇಲ್ಲವೋ ಎಂಬುದನ್ನು ಕಣ್ಣು ಮುಚ್ಚಿಯೇ ಹೇಳಬಲ್ಲಳು. ಗುಪ್ತಸಂಖ್ಯೆಯ ಕೊಂಡಿಯನ್ನು ಯಾವ ಬೆರಳಿನಿಂದ ಸವರುವುದು?

ಎಷ್ಟು ಹಣವಿದ್ದರೂ ಸಿಗದ ಆಟಗಳೂ ಇವೆ. ಡಬ್ಬಿಯೊಳಗಿನ ‘ರೋಡ್ ರಾಶ್’ ಅಂತಹದು. ಮೋಟಾರ್‌ಸೈಕಲ್ಲಿನ ಮೇಲೆ ಓಡುತ್ತ ಒಬ್ಬರನ್ನೊಬ್ಬರು ಸರಪಳಿಯಿಂದ ಹೊಡೆಯುವ ಈ ಆಟವನ್ನು ಆಡದ ಹುಡುಗರು ಆ ದಶಕದಲ್ಲಿ ವಿರಳ. ಅಸಲಿಯಾಗಿ ಇಂದು ಮಾರುವವರು ನಮಗೆ ಎಲ್ಲಿಯೂ ಕಾಣಲಿಲ್ಲ. 1989ರ ಮೂಲ ಪ್ರಿನ್ಸ್ ಆಫ್ ಪರ್ಷಿಯಾ ಕೂಡ ಅಷ್ಟೇ; ಅದರ ಮಕ್ಕಳು ಮೊಮ್ಮಕ್ಕಳಂತಹ ಆಟಗಳು ಅಂಗಡಿಯಲ್ಲಿದ್ದುವು, ಅಜ್ಜ ಇರಲಿಲ್ಲ. ಅಮೆರಿಕೆಯ ‘ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್’ 2023ರಲ್ಲಿ ಪ್ರಕಟಿಸಿದ ವರದಿಯಂತೆ, 2010ಕ್ಕಿಂತ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ 87 ಇಂದು ಮಾರಾಟಕ್ಕೇ ಇಲ್ಲ. ಕಂಪನಿ ಮುಚ್ಚಿರುತ್ತದೆ, ಹಕ್ಕು ಮೂವರ ನಡುವೆ ಹಂಚಿಹೋಗಿರುತ್ತದೆ, ಆಟದೊಳಗಿನ ಹಾಡಿನ ಒಪ್ಪಂದ ತೀರಿರುತ್ತದೆ. ಪಾಲುದಾರರ ಜಗಳದಲ್ಲಿ ಬೀಗ ಬಿದ್ದ ವಾಡೆಗಳನ್ನು ನಮ್ಮ ಸೀಮೆಯವರು ಕಂಡಿಲ್ಲವೆ?

ಪರ್ಷಿಯದ ರಾಜಕುಮಾರನ ವಿಚಾರದಲ್ಲಿ ಒಂದು ಸಂಗತಿ ನನ್ನ ಮನಸ್ಸನ್ನು ಹಿಡಿಯಿತು. ಅದನ್ನು ರಚಿಸಿದವನು ಜೋರ್ಡನ್ ಮೆಕ್ನರ್. ಆ ತರುಣನ ಓಟ, ನೆಗೆತಗಳನ್ನು ಅವನು ತನ್ನ ತಮ್ಮನನ್ನು ಓಡಿಸಿ, ನೆಗೆಸಿ, ವಿಡಿಯೋ ಹಿಡಿದು, ಚಿತ್ರದಿಂದ ಚಿತ್ರಕ್ಕೆ ತಿದ್ದಿಕೊಂಡನು. ಸಂಗೀತವನ್ನು ಒದಗಿಸಿದವರು ಅವರ ತಂದೆ. ಆಟದ ಮೂಲಲಿಪಿಯಿದ್ದ ಫ್ಲಾಪಿಗಳು ವರ್ಷಾನುಗಟ್ಟಲೆ ಕಳೆದುಹೋಗಿದ್ದುವು. 2012ರಲ್ಲಿ ತಂದೆ ತಮ್ಮ ಮನೆಯ ಕಪಾಟಿನ ಹಿಂದುಗಡೆ ಅವುಗಳ ಪೆಟ್ಟಿಗೆಯನ್ನು ಕಂಡು ಮಗನಿಗೆ ಕಳುಹಿಸಿಕೊಟ್ಟರು. ಬಲ್ಲವರ ನೆರವಿನಿಂದ ಮಗನು ಅದನ್ನು ಓದಿಸಿ ಎಲ್ಲರಿಗೂ ತೆರೆದಿಟ್ಟನು. ಇದನ್ನು ಓದಿ ಹೇಳಿದಾಗ ಹುಡುಗನು ಏನೂ ಮಾತಾಡಲಿಲ್ಲ. ತಗಡಿನ ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತೆಗೆಯುತ್ತ, ಹಾಕುತ್ತ ಕುಳಿತಿದ್ದನು.

ರಾಜಕುಮಾರನನ್ನು ನಾವು ಕೊನೆಗೆ ಕಂಡದ್ದು ‘ಇಂಟರ್‌ನೆಟ್ ಆರ್ಕೈವ್’ ಎಂಬ ಜಾಲಗ್ರಂಥಾಲಯದಲ್ಲಿ. 2015ರ ಜನವರಿಯಲ್ಲಿ ಅದು ಸುಮಾರು 2,400 ಡಾಸ್ ಆಟಗಳನ್ನು, ಏನನ್ನೂ ಇಳಿಸಿಕೊಳ್ಳದೆ ಜಾಲಪುಟದಲ್ಲಿಯೇ ಆಡುವಂತೆ, ಒಟ್ಟುಗೂಡಿಸಿತು. ಅದು ಅಂಗಡಿಯಲ್ಲ, ಹಣ ಕೇಳುವುದಿಲ್ಲ. ಅಲ್ಲಿರುವ ಆಟಗಳ ಹಕ್ಕಿನ ಪ್ರಶ್ನೆ ಮಾತ್ರ ಎಲ್ಲವುದರಲ್ಲಿಯೂ ಬಗೆಹರಿದಿಲ್ಲ. 2024ರ ಅಕ್ಟೋಬರಿನಲ್ಲಿ ದುಷ್ಟರ ದಾಳಿಗೆ ಸಿಕ್ಕು ಅದು ಕೆಲವು ದಿನ ಮುಚ್ಚಿಯೂ ಇತ್ತು. ಇರಲಿ. ಮೂವತ್ತು ವರ್ಷದ ಮೇಲೆ ಆ ಕತ್ತರಿಬಾಗಿಲು ‘ಟಕ್’ ಎಂದು ಮುಚ್ಚಿದ ಸಪ್ಪಳ ಕೇಳಿ ನನ್ನ ಕಾಲು ತಾನಾಗಿ ಹಿಂದಕ್ಕೆ ಸರಿಯಿತು. ಈ ಸಲ ವಿದ್ಯುತ್ತು ಹೋಗಲಿಲ್ಲ; ಆದರೂ ಅರವತ್ತು ನಿಮಿಷ ಸಾಲಲಿಲ್ಲ.

ಇನ್ನು ಹೇಳಲು ಉಳಿದದ್ದು ಒಂದು ಮಾತು. ಅದನ್ನು ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಭಾವ ಕೊನೆಯ ಕೆಲವು ವರ್ಷ ಒಂದು ಜಾಲದಂಗಡಿಯಲ್ಲಿ ಖಾತೆ ಮಾಡಿಕೊಂಡು ಇಪ್ಪತ್ತಕ್ಕೆ ಕಡಿಮೆಯಿಲ್ಲದಷ್ಟು ಆಟ ಕೊಂಡಿದ್ದರು. ಯಾವ ಅಂಗಡಿಯೆಂಬುದು ಇಲ್ಲಿ ಮುಖ್ಯವಲ್ಲ. ಖಾತೆಯ ಗುಪ್ತಪದವನ್ನು ಡೈರಿಯಲ್ಲಿ ಬರೆದಿಟ್ಟಿರಲಿಲ್ಲ. ಹುಡುಗನು ಅಂಗಡಿಗೆ ಪತ್ರ ಬರೆದು, ಮರಣಪತ್ರದ ಪ್ರತಿಯನ್ನೂ ಲಗತ್ತಿಸಿ ಕೇಳಿಕೊಂಡನು. ಖಾತೆಯು ವೈಯಕ್ತಿಕ, ಇನ್ನೊಬ್ಬರಿಗೆ ವರ್ಗಾವಣೆಯಿಲ್ಲ ಎಂಬ ವಿನಯದ ಉತ್ತರ ಬಂದಿತು. ನಾನು ಮಿಕ್ಕ ಅಂಗಡಿಗಳ ಕರಾರುಗಳನ್ನು ತೆಗೆದು ನೋಡಿದೆ. ಸ್ಟೀಮಿನ ಕರಾರಿನಲ್ಲಿಯೂ ವರ್ಗಾವಣೆ ನಿಷಿದ್ಧ. ಉಯಿಲು ಬರೆದರೂ ಖಾತೆಯನ್ನು ಕೊಡಲಾಗದೆಂದು ಅವರ ಸಹಾಯವಿಭಾಗದವರು ಗಿರಾಕಿಯೊಬ್ಬರಿಗೆ ಉತ್ತರಿಸಿದ್ದು 2024ರ ಮೇ ತಿಂಗಳಲ್ಲಿ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಜಿ.ಓ.ಜಿ.ಯವರು ಆ ಸಂದರ್ಭದಲ್ಲಿ, ಸಾಮಾನ್ಯವಾಗಿ ವರ್ಗಾವಣೆಯಿಲ್ಲ, ಆದರೆ ಇಂಥವರಿಗೆ ಸೇರತಕ್ಕದ್ದೆಂದು ನ್ಯಾಯಾಲಯದ ಆಜ್ಞೆ ತಂದರೆ ಕೈಲಾದುದನ್ನು ಮಾಡುವೆವೆಂದರು. ಐದು ನೂರು ರೂಪಾಯಿಯ ಆಟಕ್ಕೆ ಕೋರ್ಟಿನ ಮೆಟ್ಟಿಲು ಹತ್ತುವವರು ಯಾರು? ಹೊಲಕ್ಕೆ, ಮನೆಗೆ ವಾರಸಾ ಹಚ್ಚಿಸುವುದಕ್ಕೇ ನಮ್ಮವರ ಚಪ್ಪಲಿ ಸವೆದಿರುತ್ತವೆ.

ಹಾಗಾಗಿ ಭಾವ ಹೆಚ್ಚು ಹಣ ಸುರಿದು ಕೊಂಡದ್ದು ಮಗನಿಗೆ ಬರಲಿಲ್ಲ; ಕಾಲುದಾರಿಯ ಸಿ.ಡಿ.ಗಳ ಡಬ್ಬಿ ಬಂದಿತು.

ಹಬ್ಬದ ಮರುದಿನ ‘ಕಮಾಂಡೋಸ್’ ಆಟವನ್ನು ಜಿ.ಓ.ಜಿ.ಯಲ್ಲಿ ಕೊಂಡೆವು. ರಿಯಾಯತಿಯ ದಿನವಾದ್ದರಿಂದ ನಾಲ್ಕು ಜನರ ಗಿರ್ಮಿಟ್ಟು-ಮಿರ್ಚಿಯ ಖರ್ಚಿಗಿಂತ ಹೆಚ್ಚಾಗಲಿಲ್ಲ. ಕಡತವನ್ನು ಇಳಿಸಿ ಎರಡು ಪೆನ್‌ಡ್ರೈವುಗಳಲ್ಲಿ ನಕಲು ಮಾಡಿದೆವು. ಒಂದು ನನ್ನ ಕಪಾಟಿಗೆ. ಇನ್ನೊಂದಕ್ಕೆ ಹುಡುಗನು ಕಾಗದದ ಚೀಟಿ ಅಂಟಿಸಿ, ನೀಲಿ ಮಸಿಯಿಂದ ಆಟದ ಹೆಸರನ್ನೂ ವರ್ಷವನ್ನೂ ಬರೆದು ಡಬ್ಬಿಯಲ್ಲಿ ಸಿ.ಡಿ.ಗಳ ಮಗ್ಗುಲಲ್ಲಿಟ್ಟನು. ಏಜ್ ಆಫ್ ಎಂಪೈರ್ಸ್‌ನ್ನು ಸ್ಟೀಮಿನಲ್ಲಿ, ಪರವಾನಿಗೆಯೆಂದು ತಿಳಿದೇ, ಅವನ ಹೆಸರಿನಲ್ಲಿ ಕೊಂಡೆವು.

ಅಂದು ಸಂಜೆ ಪಡಸಾಲೆಯಲ್ಲಿ ಆಟ ತೆರೆಯಿತು. ಶತ್ರುಗಳ ಕಾವಲಿನ ನಡುವೆ ಮೂವರು ಸೈನಿಕರು. ಹುಡುಗನು ದೋಣಿಯವನನ್ನು ಮುಂದೆ ಬಿಟ್ಟನು, ಗುಂಡು ಬಿತ್ತು. ಮತ್ತೆ ಬಿಟ್ಟನು, ಮತ್ತೆ ಗುಂಡು. ನಾಲ್ಕನೆಯ ಸಲ ಸತ್ತಾಗ, ಚಕ್ಕುಲಿಯ ತಾಟು ಹಿಡಿದು ಬಂದ ಅಕ್ಕ ನಮ್ಮ ಬೆನ್ನ ಹಿಂದೆ ನಿಂತಿದ್ದಳು. ಆ ಪೆಟ್ಟಿಗೆಯ ಕಡೆಗೆ ತಾನು ಜನ್ಮದಲ್ಲಿ ಕಣ್ಣೆತ್ತಿ ನೋಡಿದವಳಲ್ಲವೆಂದು ಇಪ್ಪತ್ತೈದು ವರ್ಷ ಹೇಳಿಕೊಂಡು ಬಂದವಳು.

“ಹಂಗಲ್ಲೋ. ನಿಮ್ಮಪ್ಪಾರು ಮೊದಲ ಆ ಹಸರ ಟೊಪಿಗಿಯವನ್ನ ಗ್ವಾಡಿ ಹತ್ತಸ್ತಿದ್ದರು” ಎಂದಳು.

ಹುಡುಗನು ಹಸಿರು ಟೊಪ್ಪಿಗೆಯವನನ್ನು ಗೋಡೆಯ ಬಳಿಗೆ ನಡೆಯಿಸಿದನು.